ಹಸಿರು ಬಕೆಟ್‌ಗೆ ಬಿದ್ದ ಬಂಗಾರ

ಸುಸ್ಸ್... ಸುಸ್ಸ್...

ನಡುರಾತ್ರಿ ಪ್ರಕೃತಿಗೆ ಥಟ್ಟನೆ ಎಚ್ಚರವಾಯಿತು. ಎಲ್ಲೋ ಗಾಳಿ ಸೋರುವಂಥ ಸಣ್ಣ ಸದ್ದು.

'ಗ್ಯಾಸ್ ಲೀಕ್ ಆಗ್ತಿದೆಯಾ?!'

ಎದೆ ಧಸಕ್ಕೆಂದಿತು. ಲೈಟ್ ಹಾಕಿದರೆ ಕಿಡಿ ಹೊತ್ತಿಕೊಂಡರೆ? ಹಾಕದಿದ್ದರೆ ಬಾಗಿಲು ಕಾಣುವುದು ಹೇಗೆ? ನೈರೋಬಿಯಲ್ಲಿ ಹುಟ್ಟಿ ಬೆಳೆದವಳು ಸ್ವಯಂಸೇವಕಿಯಾಗಿ ಬೆಂಗಳೂರಿಗೆ ಬಂದು ಇನ್ನೂ ವಾರವಾಗಿರಲಿಲ್ಲ. ಬಿಟಿಎಂ ಲೇಔಟಿನ ಈ ಮಹಡಿ ಕೋಣೆಯ ಸ್ವಿಚ್ಚುಗಳೇ ಕೈಗೆ ಸಿಗುತ್ತಿರಲಿಲ್ಲ.

ಸದ್ದು ನಿಂತಿತು. ಅಬ್ಬಾ ಎಂದು ಮತ್ತೆ ಮಲಗಿದಳು.

ಸ್ವಲ್ಪ ಹೊತ್ತಿಗೆ ಬಾಗಿಲು ದಬದಬ!

"ಯಾರ್ರಿ ಒಳಗ? ನಳ ಬಂದ್ ಮಾಡ್ರಿ! ಕೆಳಗ ನಮ್ಮ ಹಾಸಿಗಿ ತೇಲಾಕತ್ತದ!"

ಬಾಗಿಲು ತೆರೆದಳು. ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡ ಎತ್ತರದ ಯುವಕ, ಕಂಕುಳಲ್ಲಿ ನೀರು ತೊಟ್ಟಿಕ್ಕುವ ದಿಂಬು. ಅವಳ ಬಾಲ್ಕನಿಯ ನಲ್ಲಿ ಭೋರ್ಗರೆಯುತ್ತಿತ್ತು. ಸಂಜೆ ತಿರುಗಿಸಿದಾಗ ಬರೀ ಗಾಳಿ ಬಂದಿತ್ತೆಂದು ಹಾಗೇ ಬಿಟ್ಟು ಮಲಗಿದ್ದಳು.

"ಸಾರಿ... ಸಂಜೆ ನೀರೇ ಇರಲಿಲ್ಲ, ಅದಕ್ಕೇ..."

"ನೀರಿಲ್ಲಂದ್ರ ನಳ ಬಂದ್ ಮಾಡಬೇಕ್ರಿ. ತೆರೆದಿಟ್ಟು ಮಲಗೋದಲ್ಲ!"

"ನಿಮ್ಮೂರಲ್ಲಿ ನೀರು ಕಳ್ಳನ ಥರ ರಾತ್ರಿ ಬರುತ್ತೆ ಅಂತ ನಂಗೇನ್ ಗೊತ್ತು?!"

ಅವನ ಮೀಸೆಯಡಿ ಒಂದು ನಗು ಸುಳಿದು ಹೋಯಿತು. ಪ್ರಕೃತಿಗೆ ಕಂಡದ್ದು ಮೀಸೆ ಮಾತ್ರ.

ಬೆಳಿಗ್ಗೆ ಗೊಟ್ಟಿಗೆರೆಯ ಕಲಿಕಾ ಕೇಂದ್ರದಲ್ಲಿ ಸಂಸ್ಥೆಯ ಮುಖ್ಯಸ್ಥೆ ಗಿರಿಜಾದೇವಿ ಪರಿಚಯ ಮಾಡಿಸಿದರು. "ಇವ್ರು ಮೌನೇಶ. ಯಾದಗಿರಿಯವ್ರು, ಈ ಸೆಂಟರ್ ಪೂರ್ತಿ ಇವ್ರೇ ನೋಡ್ಕೊಳ್ಳೋದು. ನಿನ್ನ ಕೆಲಸದ ರಿಪೋರ್ಟ್ ಕೂಡ ಇವ್ರೇ ಬರೀತಾರಮ್ಮ."

ಅದೇ ಮೀಸೆ!

"ದಿಂಬು ಒಣಗ್ಲಿಕ್ಕೆ ಹಾಕಿ ಬಂದೀನ್ರಿ" ಎಂದ ಅವನು, ಗಂಭೀರವಾಗಿ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಅಲ್ಲಿಂದ ಶುರುವಾಯಿತು ಎಡವಟ್ಟುಗಳ ಸಾಲು. ಬಸ್ಸಿನ ಹಿಂದಿನ ಬಾಗಿಲಲ್ಲಿ ಹತ್ತಿ ಕಂಡಕ್ಟರನಿಂದ ಬೈಸಿಕೊಂಡಳು. ಸಿಮ್ ಕಾರ್ಡಿಗಾಗಿ ಅಂಗಡಿಗೆ ಅಲೆದಳು. ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳಿಗೆ, ಅವಳು ಅಮ್ಮನಿಂದ ಕಲಿತ ಜಯನಗರದ ಕನ್ನಡ ಒಂದು ತಮಾಷೆ. ಅವಳು ಬಾಯಿ ತೆರೆದರೆ ಸಾಕು, ಹಿಂದಿನ ಸಾಲಿನಲ್ಲಿ ಕಿಸಿಕಿಸಿ.

ಮನೆಗೆ ಬಂದರೆ ಕೆಳಮನೆಯ ಮೌನೇಶ.

"ಹಣ್ಣಿನ ಸಿಪ್ಪಿ, ಎಲಿ ಎಲ್ಲಾ ಹಸಿರು ಬಕೆಟ್‌ನ್ಯಾಗ ಹಾಕ್ರಿ. ನೀವು ಎಲ್ಲಾ ಕೂಡಿಸಿ ಹಾಕಿದ್ರ ಕಸದ ಗಾಡಿಯವ್ರು ನನಗ ಬೈತಾರ."

'ಇವರಿಗೆ ನಾನು ಮಾಡಿದ್ದೆಲ್ಲಾ ತಪ್ಪೇ!' ಕಣ್ಣು ತುಂಬಿ ಬರುತ್ತಿತ್ತು. ಆದರೂ ಹಾಳಾದ ಮನಸ್ಸು, ಮೆಟ್ಟಿಲಲ್ಲಿ ಅವನ ಚಪ್ಪಲಿ ಸದ್ದಾಗುವವರೆಗೆ ಮಲಗಲು ಒಪ್ಪುತ್ತಿರಲಿಲ್ಲ. ಯಾಕೋ ಅವಳಿಗೇ ಗೊತ್ತಿರಲಿಲ್ಲ.

ವಿಜಯದಶಮಿಯ ಸಂಜೆ. ಗೇಟಿನ ಬಳಿ ಅವಳು ಕಸ ಬೇರೆ ಮಾಡುತ್ತಿದ್ದಾಗ ಮೌನೇಶ ಎದುರಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಏನೋ ಹೇಳಲು ಹೋಗಿ ಗಂಟಲು ಸರಿಮಾಡಿಕೊಂಡ. ಕೊನೆಗೆ ಒಂದು ಹಿಡಿ ಸಣ್ಣ ಎಲೆಗಳನ್ನು ಅವಳ ಅಂಗೈಗೆ ಹಾಕಿದ.

"ಹಿಡೀರಿ..."

ಅವಳಿಗೆ ಮೈಯೆಲ್ಲಾ ಉರಿದುಹೋಯಿತು. ಹಬ್ಬದ ದಿನವೂ ಪಾಠವೇ?! ಬಾಲ್ಕನಿ ಗುಡಿಸಿಲ್ಲ ಅಂತ ಎಲೆ ಆರಿಸಿ ತಂದಿದ್ದಾರಾ?

ಎಲೆಗಳನ್ನು ಹಸಿರು ಬಕೆಟ್‌ಗೆ ಸುರಿದು ಕೈ ಕೊಡವಿದಳು.

"ನೋಡಿ ಸಾರ್, ಸರಿಯಾದ ಬಕೆಟ್‌ಗೇ ಹಾಕಿದೀನಿ. ಸಮಾಧಾನ ಆಯ್ತಾ?"

ಮೌನೇಶನ ಮುಖ ಬಿಳುಚಿತು. ತಿರುಗಿ ಒಳಗೆ ಹೋದ.

ರಜೆ ಮುಗಿದ ಮೇಲೆ ಅವನು ಕೇಂದ್ರಕ್ಕೆ ಬರಲಿಲ್ಲ. ಪಾಠದ ನಡುವೆ ಗಿರಿಜಾದೇವಿಯ ಫೋನ್ ಬಂತು.

"ಮೌನೇಶ ಅಂಜನಾಪುರ ಸೆಂಟರ್‌ಗೆ ಹೋಗಿದಾನೆ. ನಿನ್ನ ಜೊತೆ ಕೆಲಸ ಮಾಡಕ್ಕಾಗಲ್ಲ ಅಂದ್ಬಿಟ್ಟ. ಏನಮ್ಮ ಜಗಳ? ನೀನಾದ್ರೂ ಇರ್ತೀಯೋ, ವಾಪಸ್ ಹೋಗ್ತೀಯೋ? ಸಂಜೆಯೊಳಗೆ ಹೇಳ್ಬಿಡು."

'ನನ್ನ ಮುಖ ನೋಡೋಕೂ ಇಷ್ಟ ಇಲ್ವಾ?' ತುಟಿ ಕಚ್ಚಿಕೊಂಡಳು. 'ಹೋಗ್ತೀನಿ. ಇವತ್ತೇ ಟಿಕೆಟ್ ಮಾಡಿಸ್ತೀನಿ!'

ಆಗ ಹಿಂದಿನ ಸಾಲಿನ ಹುಡುಗಿ ಶಿವವ್ವ ಎದ್ದು ಬಂದು, ಬಾಡಿದ ಎರಡು ಎಲೆಗಳನ್ನು ಮೇಜಿನ ಮೇಲಿಟ್ಟಳು.

"ಬಂಗಾರ ತಗೋರಿ ಟೀಚರ್. ಬನ್ನಿ ಎಲಿ. ಊರಿಂದ ತಂದೀನ್ರಿ."

ಅದೇ ಎಲೆ!

"ಇದು... ಬಂಗಾರಾನಾ?"

"ಹೂನ್ರಿ! ದಸರಾಕ್ಕ ಎಲ್ಲಾರ್ಗೂ ಕೊಡ್ತೀವಿ. ಸಿಟ್ಟಾದವ್ರಿಗೆ ಮೊದಲು ಕೊಡಬೇಕ್ರಿ. ನಾ ನಿಮಗ ನಕ್ಕಿದ್ನಲ್ರಿ, ಅದಕ್ಕ ತಂದೆ. ತಗೊಂಡ್ರ ಜಗಳ ಮುಗೀತು."

"ತಗೊಂಡು... ಎಸೆದುಬಿಟ್ರೆ?"

ಹುಡುಗಿ ಕಣ್ಣರಳಿಸಿದಳು. "ಅಯ್ಯ! ಬಂಗಾರ ಯಾರರೇ ಒಗೀತಾರೇನ್ರಿ?"

ಪ್ರಕೃತಿ ಆ ಎಲೆಗಳನ್ನು ಕೈಗೆತ್ತಿಕೊಂಡಳು. ಆ ಬಿಳಿ ಅಂಗಿ... ಆ ಗಂಟಲು ಸರಿಮಾಡಿಕೊಂಡದ್ದು... ಅವನ ಕಣ್ಣೆದುರೇ ಕೈ ಕೊಡವಿಬಿಟ್ಟಿದ್ದೆನಲ್ಲ! ದೇವರೇ!

ಪಾಠ ಮುಗಿದದ್ದೇ ಆಟೋ ಹಿಡಿದಳು.

ಅಂಜನಾಪುರದ ಕೇಂದ್ರದಲ್ಲಿ ಮೌನೇಶ ಒಬ್ಬನೇ ಗೋಡೆಗೆ ನಕ್ಷೆ ಅಂಟಿಸುತ್ತಿದ್ದ. ಅವಳನ್ನು ನೋಡಿ ಟೇಪು ಕೈಯಿಂದ ಜಾರಿತು.

"ನಂಗೆ ಗೊತ್ತಿರಲಿಲ್ಲ!" ಏದುಸಿರು ಬಿಡುತ್ತಲೇ ಅಂದಳು. "ನೈರೋಬಿಯ ನಮ್ಮನೇಲಿ ಯಾರೂ ಹೀಗೆ ಎಲೆ ಕೊಡಲ್ಲ. ಕಸ ಅಂದ್ಕೊಂಡೆ. ನೀವು ಒಂದು ಮಾತು ಹೇಳಬಹುದಿತ್ತಲ್ವಾ? ಬರೀ 'ಹಿಡೀರಿ' ಅಂದ್ರೆ ಯಾರಿಗೆ ಅರ್ಥ ಆಗುತ್ತೆ?"

"ಕ್ಷಮೆ ಕೇಳಾಕ ಬಂದೀರೋ, ಬಯ್ಯಾಕ ಬಂದೀರೋ?"

"ಎರಡೂ!"

ಅವನು ನಕ್ಕ. ಈ ಸಲ ನಗು ಅವಳಿಗೂ ಕಂಡಿತು. ಆದರೆ ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನನ್ನ ಜೊತೆ ಕೆಲಸ ಮಾಡಕ್ಕಾಗಲ್ಲ ಅಂದ್ರಂತೆ? ಅಷ್ಟೊಂದು ಕೆಟ್ಟವಳಾ ನಾನು?"

ಮೌನೇಶ ನೆಲ ನೋಡಿದ.

"ಅಂದಿದ್ದು ಖರೆ. ದಸರಾಕಿಂತ ಮೊದಲ ಅಂದಿದ್ದೆ. ನಿಮ್ಮ ರಿಪೋರ್ಟ್ ನಾ ಬರೀಬೇಕು... ಮನಸಿನ್ಯಾಗ ಬ್ಯಾರೆ ಏನೋ ಇಟ್ಕೊಂಡು ಹೆಂಗ ಬರೀಲ್ರಿ? ಇಲ್ಲಿಗೆ ಬಂದ್ರ ನಾ ನಿಮ್ಮ ಮ್ಯಾಲಿನವ ಅಲ್ಲ. ಅವತ್ತ ಅದನ್ನ ಹೇಳೂಣಂತ ಬಂದಿದ್ದೆ. ಬಾಯೇ ಬರಲಿಲ್ಲ."

ಪ್ರಕೃತಿಯ ಕಿವಿಯಲ್ಲಿ ಎದೆಬಡಿತ. "ಬ್ಯಾರೆ ಏನೋ... ಅಂದ್ರೆ?"

"ಅಂದ್ರ..." ಅವನು ತಲೆಯೆತ್ತಿದ. "ನೀವಂದ್ರ ನನಗ ಜೀವ ರೀ. ನೀವು 'ಇಲ್ಲ' ಅಂದ್ರೂ ಸರಿ. ಆದ್ರ ವಾಪಸ್ ಹೋಗ್ತೀರೇನೋ ಅಂದ್ರು ಮೇಡಂ... ನನ್ನ ಸಲುವಾಗಿ ಮಕ್ಕಳನ್ನ ಬಿಟ್ಟು ಹೋಗಬ್ಯಾಡ್ರಿ."

ಇಷ್ಟು ದಿನ ಅದುಮಿಟ್ಟಿದ್ದ ಅಳು ಈಗ ನುಗ್ಗಿತು. ಅಳುತ್ತಲೇ ಅವನ ಕೈ ಹಿಡಿದುಕೊಂಡಳು. "ನಂಗೂ... ನಂಗೂ ಅಷ್ಟೇ. ಇಷ್ಟು ಸಾಕಾ?"

"ಭಾಳ ಆಯ್ತ್ರಿ."

ಫೋನ್ ರಿಂಗಾಯಿತು. ಗಿರಿಜಾದೇವಿ.

"ಏನಮ್ಮ, ಏನ್ ತೀರ್ಮಾನ ಮಾಡ್ದೆ?"

"ಇರ್ತೀನಿ ಮೇಡಂ. ಗೊಟ್ಟಿಗೆರೆಯಲ್ಲೇ ಇರ್ತೀನಿ."

"ಬೆಳಿಗ್ಗೆ ಅಳು ಧ್ವನಿ, ಈಗ ನೋಡಿದ್ರೆ ಹಿಂಗೆ! ಏನಾಯ್ತೇ?"

ಪ್ರಕೃತಿ ಮೌನೇಶನನ್ನು ನೋಡಿದಳು. ಅವನು ಉಸಿರು ಹಿಡಿದು ನಿಂತಿದ್ದ.

"ಏನೂ ಆಗಿಲ್ಲ ಮೇಡಂ."

ಫೋನ್ ಇಟ್ಟ ಮೇಲೆ ಅವನು ಮೆಲ್ಲಗೆ ಕೇಳಿದ, "ಮನಿಗೆ ಹೇಳ್ತೀರೇನು? ನಿಮ್ಮ ಅವ್ವಗ?"

"ಇಲ್ಲ. ಯಾರಿಗೂ ಹೇಳಲ್ಲ." ಕಣ್ಣೊರೆಸಿಕೊಂಡಳು. "ಬಂದಾಗಿಂದ ನಾನು ಮಾಡಿದ್ದೆಲ್ಲಾ ಊರಿಗೇ ಗೊತ್ತಾಗ್ತಿದೆ, ಎಲ್ಲರೂ ತಿದ್ತಾರೆ. ಇದೊಂದನ್ನ ಯಾರೂ ತಿದ್ದೋದು ಬೇಡ."

"ನಾನೂ?"

"ನೀವು ಮೊದಲು ನನ್ನನ್ನ 'ನೀವು' ಅನ್ನೋದು ಬಿಡಿ."

ಅವನ ಮುಖ ಕೆಂಪಾಯಿತು. ಗೋಡೆಗೂ ಕೇಳಿಸದಷ್ಟು ಮೆತ್ತಗೆ ಅಂದ:

"ಆಯ್ತು... ನೀ ಹೇಳಿದಂಗ."