ಮಗ್ಗದ ಪಕ್ಕದ ದೀಪ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ದೊಡ್ಡಬಳ್ಳಾಪುರದಲ್ಲಿ ನಡೆದದ್ದಿದು. ನೇಯ್ಗೆಯ ಸಂಜೀವಪ್ಪ ಹೆಂಡತಿ ಅನುಸೂಯಮ್ಮನ ಜೊತೆ ಬಾಡಿಗೆ ಮನೆಯೊಂದಕ್ಕೆ ಹೊಸದಾಗಿ ಬಂದಿದ್ದ. ಮಗ್ಗದ ಪಕ್ಕದಲ್ಲೇ ಹರಳೆಣ್ಣೆಯ ದೀಪ ಉರಿಯಬಿಟ್ಟು ಮಲಗುವುದು ಅವನ ಹಳೆಯ ಚಾಳಿ.

"ರೇಷ್ಮೆ ನೂಲಿಗೆ ಕಿಡಿ ಬಿದ್ರೆ ಮನೇನೇ ಹೋಗುತ್ತೆ. ಆರಿಸಿ ಮಲಗೋಕೆ ನಿಮಗೇನು ಧಾಡಿ?" ಎಂದು ಹೇಳಿ ಹೇಳಿ ಅನುಸೂಯಮ್ಮನ ಬಾಯಿ ಸೋತಿತ್ತು.

ಈ ಮನೆಗೆ ಬಂದ ಮೇಲೆ ಮಾತ್ರ ದಿನಾ ಬೆಳಿಗ್ಗೆ ದೀಪ ಆರಿರುತ್ತಿತ್ತು. ಎಣ್ಣೆ ಅರ್ಧಕ್ಕರ್ಧ ಉಳಿದಿರುತ್ತಿತ್ತು, ಬತ್ತಿಯ ತುದಿ ನೀರಿನಿಂದ ಒದ್ದೆಯಾಗಿರುತ್ತಿತ್ತು. ಒಲೆಯ ಕೆಂಡಕ್ಕೂ ಯಾರೋ ನೀರು ಚಿಮುಕಿಸಿರುತ್ತಿದ್ದರು.

"ಅಂತೂ ಬುದ್ಧಿ ಬಂತಲ್ಲ," ಎಂದಳು ಒಂದು ದಿನ.

"ನಾನೆಲ್ಲಿ ಆರಿಸ್ದೆ? ನೀನೇ ಆರಿಸ್ತಿದ್ದೀಯ ಅಂದ್ಕೊಂಡಿದ್ದೆ," ಎಂದ ಸಂಜೀವಪ್ಪ. ಅವಳ ಮುಖ ಬಿಳಿಚಿಕೊಂಡದ್ದು ಕಂಡೂ ನಕ್ಕುಬಿಟ್ಟ. "ಆರಿಸೋರು ಇದ್ದಾರಲ್ಲ, ಬಿಡು. ಇನ್ನು ನಮಗ್ಯಾಕೆ ಆ ತಾಪತ್ರಯ?"

ಅವಳಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು. ಅಂದು ರಾತ್ರಿಯೂ ಅವನು ದೀಪ ಉರಿಯಬಿಟ್ಟು ಗೊರಕೆ ಹೊಡೆಯತೊಡಗಿದ. "ಈ ಮನುಷ್ಯನಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ," ಎಂದು ಗೊಣಗುತ್ತ ಎದ್ದ ಅನುಸೂಯಮ್ಮ ಬತ್ತಿಯನ್ನು ಚಿವುಟಿ ಆರಿಸಲು ಎರಡು ಬೆರಳು ಚಾಚಿದಳು.

ಬಿಸಿ ತಾಗಲಿಲ್ಲ. ಬತ್ತಿಗೂ ಅವಳ ಬೆರಳಿಗೂ ನಡುವೆ, ಬಾವಿನೀರಿನಷ್ಟು ತಣ್ಣಗಿನ, ಒದ್ದೆಯಾದ ಇನ್ನೆರಡು ಬೆರಳು ಆಗಲೇ ಇದ್ದವು.

ಚುಯ್ ಎಂದು ದೀಪ ಆರಿತು. ಸಂಜೀವಪ್ಪನ ಗೊರಕೆ ನಡುಮನೆಯ ಆಚೆ ಮೂಲೆಯಿಂದ ಕೇಳುತ್ತಲೇ ಇತ್ತು.