ಕಾಂಗರೂ ಮಾಡಿಸಿದ ತಪ್ಪು

"...ನಾರ್ತ್, ಈಸ್ಟ್, ವೆಸ್ಟ್, ಸೌತ್! ನಾಲ್ಕು ದಿಕ್ಕಿನ ಮೊದಲಕ್ಷರ ಕೂಡಿತು, ನ್ಯೂಸ್ ಅನ್ನೋ ಪದ ಹುಟ್ಟಿತು!"

ಉತ್ತರಕ್ಕೆ ಚಳಿಗೆ ನಡುಗುವ ಮುದುಕನ ದನಿ. ಪೂರ್ವಕ್ಕೆ ಆಗಷ್ಟೇ ಎದ್ದು ಆಕಳಿಸುವ ಮಗುವಿನ ದನಿ. ಪಶ್ಚಿಮಕ್ಕೆ ಕೆಲಸ ಮುಗಿಸಿ ಸುಸ್ತಾದ ಗುಮಾಸ್ತನದು, ದಕ್ಷಿಣಕ್ಕೆ ಜಗಳಗಂಟಿ ಅತ್ತೆಯದು. ನಾಲ್ಕೂ ಒಂದೇ ಗಂಟಲಿನಿಂದ!

ರೇಡಿಯೋ ಸ್ಟುಡಿಯೋದ ಮೈಕಿನ ಮುಂದೆ ಕೂತಿದ್ದ ಅವಳು ಹೆಮ್ಮೆಯಿಂದ ತಲೆಯೆತ್ತಿದಳು.

ಗಾಜಿನಾಚೆ ಒಬ್ಬ ಅಪರಿಚಿತ. ಕೆದರಿದ ಕೂದಲು, ಮೇಲೆ ಕೆಳಗಾದ ಅಂಗಿಗುಂಡಿಗಳು. ಎರಡೂ ಕೈಯಲ್ಲಿ ಒಂದು ಹಾಳೆ ಎತ್ತಿ ಹಿಡಿದಿದ್ದ. ಅದರಲ್ಲಿ ದಪ್ಪಕ್ಷರದ ಒಂದೇ ಪದ...

"ಸುಳ್ಳು!"

ನೇರಪ್ರಸಾರ. ಬಯ್ಯುವಂತಿಲ್ಲ, ಎದ್ದು ಹೋಗುವಂತಿಲ್ಲ. ಹೇಗೋ ಮಾತು ಮುಗಿಸಿ ಹಾಡು ಹಾಕಿಸಿದವಳೇ ಬಾಗಿಲು ತಳ್ಳಿಕೊಂಡು ಹೊರಬಂದಳು.

"ಏನ್ರೀ ಇದು? ಹಾಳೆ ಹಿಡ್ಕೊಂಡು ಮುಷ್ಕರ ಮಾಡ್ತಿದ್ದೀರಾ?"

"ನ್ಯೂಸ್ ಬಂದಿರೋದು ನ್ಯೂ ಅನ್ನೋ ಪದದಿಂದ. ಹೊಸ ಸಂಗತಿಗಳು ಅಂತ ಅಷ್ಟೇ. ದಿಕ್ಕಿಗೂ ಅದಕ್ಕೂ ಸಂಬಂಧ ಇಲ್ಲ."

"ನಮ್ಮ ಸ್ಕೂಲಲ್ಲಿ ಹಾಗೇ ಹೇಳ್ಕೊಟ್ಟಿದ್ದು!"

"ಎಲ್ಲರ ಸ್ಕೂಲಲ್ಲೂ ಹಾಗೇ ಹೇಳ್ಕೊಟ್ಟಿದ್ದು. ಅದಕ್ಕೇ ನನಗೆ ಇಲ್ಲಿ ಕೆಲಸ ಸಿಕ್ಕಿದ್ದು."

"ಮೊದಲು ನಿಮ್ಮ ಗುಂಡಿ ತಿದ್ಕೊಳ್ಳಿ!"

ಅವನು ತಲೆ ಬಗ್ಗಿಸಿ ನೋಡಿಕೊಂಡ. ಕಿವಿಯವರೆಗೂ ಕೆಂಪಾದ. ಅಯ್ಯೋ, ಪಾಪ! ಅನ್ನಿಸಿದ್ದನ್ನು ಅವಳು ತಕ್ಷಣ ಅದುಮಿಟ್ಟಳು.

ಅಷ್ಟರಲ್ಲಿ ನಿರ್ದೇಶಕಿ ಮೇಡಂ ಬಂದರು. "ಪದಕ್ಕ, ಇವರು ನಮ್ಮ ಹೊಸ ಪರಿಶೀಲಕರು. ನಿನ್ನ ಕಾರ್ಯಕ್ರಮ ನನಗೂ ಇಷ್ಟಾನೇ. ಆದ್ರೆ ತಪ್ಪು ಹೇಳ್ತಾರೆ ಅಂತ ದೂರು ಜಾಸ್ತಿಯಾಗ್ತಿದೆ. ಇವರು ಒಪ್ಪಿ ಸಹಿ ಹಾಕಿದ್ದಷ್ಟೇ ಮೈಕಿಗೆ ಹೋಗಬೇಕು. ಇನ್ನೊಂದು ತಪ್ಪು ಹೋಯ್ತೋ, ನಿನ್ನ ಕಾರ್ಯಕ್ರಮದ ಹೊತ್ತಿಗೆ ಹಾಡು ಹಾಕಿಬಿಡ್ತೀನಿ."

ವರ್ಷಗಟ್ಟಲೆ ಹವಾಮಾನ ವರದಿ ಓದಿ ಓದಿ ಬೇಸತ್ತ ಮೇಲೆ ಅವಳಿಗೆ ಸಿಕ್ಕಿದ್ದ ಕಾರ್ಯಕ್ರಮ ಅದು. 'ಪದಗಳ ಪೂರ್ವಾಶ್ರಮ'! ಇಂಗ್ಲಿಷ್ ಪದಗಳು ಈಗಿನ ವೇಷ ತೊಡುವ ಮುಂಚೆ ಏನಾಗಿದ್ದವು ಅನ್ನುವುದನ್ನು ದನಿ ಬದಲಿಸಿ ಬದಲಿಸಿ ಹೇಳುವ ಬೆಳಗಿನ ಆಟ. ಅದರಿಂದಲೇ ಊರಿಗೆಲ್ಲ ಅವಳು ಪದಕ್ಕ. ಇದೂ ಹೋದರೆ? ಮತ್ತೆ ಮೋಡ ಕವಿದ ವಾತಾವರಣ!

ಸೇಡಿಗೆ ಅವನಿಗೊಂದು ಹೆಸರಿಟ್ಟಳು: ತಿದ್ದುಪಡಿ.

ತಿದ್ದುಪಡಿ ಮಾತ್ರ ಅವಳ ಬತ್ತಳಿಕೆಯ ಸುಳ್ಳುಗಳನ್ನು ಕಿತ್ತುಕೊಂಡು ಸುಮ್ಮನಾಗಲಿಲ್ಲ. ಒಂದು ಕಿತ್ತುಕೊಂಡರೆ ಎರಡು ನಿಜ ತಂದುಕೊಟ್ಟ.

"ಮಸಲ್ ಅಂದ್ರೆ ಮೂಲದಲ್ಲಿ ಪುಟ್ಟ ಇಲಿ ಗೊತ್ತಾ? ತೋಳು ಮಡಿಸಿದ್ರೆ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತಲ್ಲ..."

ಮರುದಿನ ಬೆಳಗ್ಗೆ ರೇಡಿಯೋದಲ್ಲಿ ಪೈಲ್ವಾನನ ತೋಳೊಳಗಿನ ಇಲಿ ಕಿಚಕಿಚ ಎಂದು ಬಾಡಿಗೆ ಮನೆಯ ಕಷ್ಟ ತೋಡಿಕೊಂಡಿತು. "ಈ ಯಜಮಾನ ದಿನಾ ಭಾರ ಎತ್ತುತ್ತಾನೆ ಸ್ವಾಮಿ, ನಿದ್ದೆಯೇ ಇಲ್ಲ!" ಫೋನುಗಳು ಒಂದೇ ಸಮನೆ ಬಡಿದುಕೊಂಡವು.

ವಿಂಡೋ ಎಂದರೆ ಗಾಳಿಯ ಕಣ್ಣು ಎಂದು ಅವನು ಹೇಳಿದ ದಿನ ಅವಳು ಕಿಟಕಿಯ ಬಳಿ ಸುಮ್ಮನೆ ನಿಂತುಬಿಟ್ಟಳು. 'ಇಷ್ಟು ಚೆಂದದ್ದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿರ್ತಾನೆ ಇವನು?'

ಕ್ಯಾಂಟೀನಿನಲ್ಲಿ ಒಂದು ದಿನ ಉಳಿದಿದ್ದು ಒಂದೇ ಬನ್ನು. ಅವನು ಅದನ್ನು ಮುರಿದು ದೊಡ್ಡ ಪಾಲು ಅವಳತ್ತ ತಳ್ಳಿದ.

"ಕಂಪ್ಯಾನಿಯನ್ ಅಂದ್ರೆ ಮೂಲದಲ್ಲಿ ಜೊತೆಗೆ ರೊಟ್ಟಿ ತಿನ್ನೋರು," ಎಂದ, ಬನ್ನಿಗೇ ಹೇಳುವವನ ಹಾಗೆ.

"ನೀವು ತುಂಬಾ ನೈಸ್ ಕಣ್ರೀ."

"ನೈಸ್ ಅಂದ್ರೆ ಹಿಂದೆ ಏನೂ ಗೊತ್ತಿಲ್ಲದ ದಡ್ಡ ಅಂತ ಅರ್ಥ ಇತ್ತು."

"ಹಾಗಾದ್ರೆ ಇನ್ನೂ ನೈಸ್!" ಅವಳು ನಕ್ಕಳು. "ಅದಿರಲಿ, ಇಡೀ ಸ್ಟೇಷನ್ ನನ್ನ ಪದಕ್ಕ ಅನ್ನುತ್ತೆ. ನಿಮಗೇನು ಬಿಗುಮಾನ?"

ಅವನ ಚಹಾ ಅರ್ಧ ಮೇಜಿನ ಪಾಲಾಯಿತು. "ಅಕ್ಕ ಅಂತ ಕರೆಯೋಕೆ... ನನಗೆ ಮನಸ್ಸಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ನಾಲ್ಕು ದಿಕ್ಕಿಗೂ ದನಿ ಕೊಟ್ಟವಳು ತಲೆ ತಗ್ಗಿಸಿ ಮೇಜಿನ ಮೇಲಿನ ಚಹಾ ಒರೆಸತೊಡಗಿದಳು.

ಮನೆಯಲ್ಲಿ ಅಮ್ಮ ಊಟಕ್ಕೆ ಬಡಿಸುತ್ತಾ ಕೇಳಿದರು, "ಆ ತಿದ್ದುಪಡಿ ಹೀಗಂದ, ತಿದ್ದುಪಡಿ ಹಾಗಂದ... ಅವನ ಹೆಸರಿಲ್ಲದೆ ನಿನಗೆ ತುತ್ತು ಇಳಿಯಲ್ವೇನೇ?"

"ಆಫೀಸ್ ವಿಷಯ ಅಮ್ಮಾ!"

"ಹೂಂ ಹೂಂ. ನಿಮ್ಮಪ್ಪನೂ ಆಫೀಸ್ ವಿಷಯವೇ ಆಗಿದ್ದರು ನನಗೆ."

ಎಲ್ಲ ಸರಿಯಾಗಿತ್ತು, ಕಾಂಗರೂ ಬರುವವರೆಗೆ.

ಅದನ್ನು ಅವಳು ಅಭ್ಯಾಸದ ಕೋಣೆಯಲ್ಲಿ ಕುಣಿದು ಮಾಡಿ ತೋರಿಸಿದ್ದಳು. ಹಡಗಿನಿಂದಿಳಿದ ಬಿಳಿಯ ಕೇಳುತ್ತಾನೆ, ಇದೇನು ಪ್ರಾಣಿ? ಅಲ್ಲಿಯವನು ತನ್ನ ಭಾಷೆಯಲ್ಲಿ ಹೇಳುತ್ತಾನೆ, ಕಾಂಗರೂ... ಅಂದರೆ 'ನೀನು ಹೇಳಿದ್ದು ಅರ್ಥವಾಗಲಿಲ್ಲ'. ನಡುವೆ ಕಾಂಗರೂ ತನ್ನ ಹೊಟ್ಟೆಚೀಲದ ಮರಿಯನ್ನು ಗದರಿಸುತ್ತದೆ, "ತಲೆ ಒಳಗೆ ಹಾಕೋ, ಹೆಸರಿಡ್ತಿದ್ದಾರೆ!" ತಿದ್ದುಪಡಿ ಹೊಟ್ಟೆ ಹಿಡಿದು ನಕ್ಕ. ಸಹಿ ಹಾಕಿದ. ಮರುದಿನ ಬೆಳಗ್ಗೆ ಪ್ರಸಾರವಾಯಿತು.

ಮಧ್ಯಾಹ್ನದೊಳಗೆ ಕೇಳುಗರ ಫೋನುಗಳು. ಕಾಂಗರೂ ಅಲ್ಲಿನವರ ಭಾಷೆಯಲ್ಲಿ ಆ ಪ್ರಾಣಿಯ ಒಂದು ಜಾತಿಗೆ ಇದ್ದ ನಿಜವಾದ ಹೆಸರಂತೆ. 'ಅರ್ಥವಾಗಲಿಲ್ಲ' ಎನ್ನುವುದು ಹಳೆಯ ಕಟ್ಟುಕಥೆಯಂತೆ!

"ನಾಳೆ ತಪ್ಪೊಪ್ಪಿಗೆ. ನಾಡಿದ್ದಿಂದ ಹಾಡು," ಎಂದರು ಮೇಡಂ.

ಬರಸಿಡಿಲು! ಅದರ ಮೇಲೆ ಸೌಂಡ್ ನೋಡಿಕೊಳ್ಳುವ ಚಿಕ್ಕಪ್ಪ (ಸ್ಟೇಷನ್ನಿಗೆಲ್ಲ ಆತ ಚಿಕ್ಕಪ್ಪನೇ) ಪಿಸುಗುಟ್ಟಿದರು, "ಪುಟ್ಟಿ, ಆ ಹುಡುಗ ನಿನ್ನೆಯೇ ಮೇಡಂ ಹತ್ರ ಹೋಗಿ, ನಿನ್ನ ಕಾರ್ಯಕ್ರಮದಿಂದ ನನ್ನ ಬಿಡಿಸಿ ಅಂತ ಬೇಡ್ಕೊಂಡನಂತೆ ಕಣಮ್ಮ."

ನಿನ್ನೆಯೇ! ಹಾಗಾದರೆ ನನ್ನಿಂದ ಕಳಚಿಕೊಳ್ಳೋಕೇ ಬೇಕಂತಲೇ ಈ ತಪ್ಪು ಬಿಟ್ಟನೇ...?

ಮೆಟ್ಟಿಲ ಬಳಿ ಸಿಕ್ಕವನನ್ನು ಅವಳು ಅಡ್ಡಗಟ್ಟಿದಳು. "ಲೋಕದ ತಪ್ಪೆಲ್ಲ ಕಣ್ಣಿಗೆ ಬೀಳುತ್ತೆ, ಇದೊಂದು ಬೀಳಲಿಲ್ವಾ? ನನ್ನ ಕಂಡರೆ ಅಷ್ಟು ಬೇಸರ ಆಗಿದ್ರೆ ಮುಖಕ್ಕೆ ಹೇಳಬಹುದಿತ್ತು!"

"ಅದು ಹಾಗಲ್ಲ..."

"ನೀವು ನಿಜವಾಗ್ಲೂ ನೈಸ್ ರೀ. ಹಳೇ ಅರ್ಥದಲ್ಲಿ!"

"ನಾಳೆ ಹೇಳ್ತೀನಿ," ಎಂದಷ್ಟೇ ಹೇಳಿ ಅವನು ಇಳಿದುಹೋದ.

ಆ ಸ್ಟೇಷನ್ನಿನಲ್ಲೊಂದು ಕಟ್ಟಳೆಯಿತ್ತು. ತಪ್ಪು ಪ್ರಸಾರವಾದರೆ, ಅದನ್ನು ಒಪ್ಪಿ ಕಳಿಸಿದವರೇ ಮರುದಿನ ಅದೇ ಹೊತ್ತಿಗೆ, ತಮ್ಮದೇ ದನಿಯಲ್ಲಿ ತಿದ್ದಿ ಹೇಳಬೇಕು. ಮೈಕ್ ಕಂಡರೆ ಬೆವರುವ ತಿದ್ದುಪಡಿ ಮರುದಿನ ಬೆಳಗ್ಗೆ ಅವಳ ಎದುರಿಗೇ ಕೂತ. ಅವಳು ಮುಖ ತಿರುಗಿಸಿಕೊಂಡಳು.

ಕೆಂಪು ದೀಪ ಹತ್ತಿತು.

"ನ... ನಮಸ್ಕಾರ. ಕಾಂಗರೂ ಕಥೆ ಸುಳ್ಳು. ಅದು ಸುಳ್ಳು ಅಂತ ನನಗೆ ಚಿಕ್ಕಂದಿನಿಂದ ಗೊತ್ತು." ಮೈಕಿಗೆ ಇನ್ನಷ್ಟು ಹತ್ತಿರ ಬಗ್ಗಿದ. "ಆದರೆ ಅವತ್ತು ಇವರು ಕಾಂಗರೂ ಆಗಿ ಮರಿಯನ್ನ ಬಯ್ತಿದ್ದರು. ನಾನು ಪದ ನೋಡಲಿಲ್ಲ. ಇವರನ್ನ ನೋಡ್ತಿದ್ದೆ. ನಗ್ತಾ ನಗ್ತಾ ಸಹಿ ಹಾಕಿಬಿಟ್ಟೆ."

ಅವಳ ಕತ್ತು ತಾನಾಗಿಯೇ ಅವನತ್ತ ತಿರುಗಿತು.

"ಅವತ್ತು ಸಂಜೆ ಕೈಯಲ್ಲಿದ್ದ ಹಾಳೆ ಮತ್ತೆ ಓದಿದಾಗ ಜೀವ ಹಾರಿಹೋಯ್ತು... ಇಲ್ಲ, ತಪ್ಪು. ಸಂಜೆ ಓದಿರಲಿಲ್ಲ. ಸಂಜೆಯೂ ಇವರನ್ನೇ ನೆನೆಸಿಕೊಳ್ತಿದ್ದೆ. ಹೀಗೆ ಮೈಮರೆಯುವವನು ಇವರ ತಪ್ಪು ಹಿಡಿಯೋಕೆ ಲಾಯಕ್ಕಲ್ಲ ಅಂತ ಅವತ್ತೇ ಮೇಡಂಗೆ ಹೇಳಿ, ನನ್ನ ಬಿಡಿಸಿ ಅಂದೆ. ಬೇಸರದಿಂದಲ್ಲ... ಪ್ರೀತಿಯಿಂದ. ತಪ್ಪು ನನ್ನದು. ದಯವಿಟ್ಟು ಇವರ ಕಾರ್ಯಕ್ರಮ ನಿಲ್ಲಿಸಬೇಡಿ."

ತನ್ನ ತಪ್ಪೊಪ್ಪಿಗೆಯನ್ನೇ ನಡುವೆ ತಿದ್ದಿದ ಮನುಷ್ಯ! ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ನುಗ್ಗಿ ಬಂದವು. ಮೈಕ್ ಎಳೆದುಕೊಂಡಳು. ಮುದುಕ, ಮಗು, ಇಲಿ, ಕಾಂಗರೂ... ಯಾರೂ ನೆರವಿಗೆ ಬರಲಿಲ್ಲ. ಹೊರಟದ್ದು ಅವಳದೇ ದನಿ, ಸ್ವಲ್ಪ ಒಡೆದ ದನಿ.

"ಕೇಳುಗರೇ... ನಾನೂ ಒಂದು ತಪ್ಪು ಮಾಡಿದೆ. ಇವರಿಗೆ ನನ್ನ ಕಂಡರೆ ಬೇಸರ ಅಂದುಕೊಂಡೆ. ಅದೂ ಸುಳ್ಳು."

ಗಾಜಿನಾಚೆ ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಾ ಹಾಡು ಹಾಕಿದರು. ಫೋನುಗಳು ಹುಚ್ಚೆದ್ದು ಬಡಿದುಕೊಂಡವು. ಮೇಡಂ ಒಂದು ರಿಸೀವರ್ ಇಟ್ಟು ಇನ್ನೊಂದು ಎತ್ತುತ್ತಾ ಬಾಗಿಲಲ್ಲಿ ಇಣುಕಿ ಕೂಗಿದರು, "ಕಾರ್ಯಕ್ರಮ ನಿಲ್ಲಿಸಿದ್ರೆ ಸ್ಟೇಷನ್ನಿಗೇ ಬರ್ತಾರಂತೆ ಕಣ್ರೋ! ನಡೀಲಿ, ನಡೀಲಿ! ಇವರ ಬದಲು ಬೇರೆ ಪರಿಶೀಲಕರನ್ನ ಹಾಕ್ತೀನಿ!"

ಬಾಗಿಲು ಮುಚ್ಚಿತು. ಇಬ್ಬರೇ.

"ಹೊಸಬರು ನಗೋರಾ?" ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಗಂಟುಮೋರೆಯವರನ್ನೇ ಹುಡುಕಿ ಅಂತ ಮೇಡಂಗೆ ಹೇಳ್ತೀನಿ."

"ಮತ್ತೆ ನೀವು?"

"ನಾನು ಹಾಯಾಗಿ ಮನೇಲಿ ರೇಡಿಯೋ ಹಾಕ್ಕೊಂಡು ನಗ್ತೀನಿ."

"ಯಾರ ಮನೇಲಿ?"

ಅವನ ಕಿವಿ ಮತ್ತೆ ಕೆಂಪಾಯಿತು. ಮೇಜಿನ ಮೇಲಿದ್ದ ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ. "ಅದನ್ನ ನಿಮ್ಮಮ್ಮನ್ನ ಕೇಳಬೇಕು. ಸಂಜೆ ಬರ್ಲಾ?"

"ಸಂಜೆವರೆಗೂ ಯಾಕೆ ಕಾಯ್ತೀರಾ? ಅಮ್ಮ ಬೆಳಗ್ಗೆಯಿಂದ ರೇಡಿಯೋ ಪಕ್ಕಾನೇ ಕೂತಿದ್ದಾರೆ. ಇಷ್ಟು ಹೊತ್ತಿಗೆ ಚಹಾಕ್ಕೆ ನೀರಿಟ್ಟಿರ್ತಾರೆ!"