ನಾಲ್ಕನೇ ಬೋಲ್ಟಿನ ಕೆಂಪು

"ಸಾಹೇಬ್ರು ಬಂದಿಲ್ಲೇನ್ರಿ?" ಎಂದು ಹುಲಿಗೇಶ್ ಕೇಳಿದ್ದೇ ತಪ್ಪಾಯಿತು.

ನೀಲಿ ಬಣ್ಣದ ಸ್ಪೋರ್ಟ್ಸ್ ಕಾರಿನಿಂದ ಇಳಿದ ಹುಡುಗಿ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಅವನನ್ನು ನಿಧಾನವಾಗಿ ಅಳೆದು ನೋಡಿದಳು.

"ಗಾಡಿ ನಂದು. ಸಾಹೇಬ್ರೂ ನಾನ. ಏನೀಗ?"

ಸತ್ಯನಾರಾಯಣಪೇಟೆಯ ಆ ಪುಟ್ಟ ವರ್ಕ್‌ಶಾಪಿನಲ್ಲಿ ಹುಲಿಗೇಶ್ ಕಿವಿಯವರೆಗೂ ಕೆಂಪಾದ. ಹುಡುಗಿಯ ಹೆಸರು ಪೂಜಿತಾ. ಸಿರುಗುಪ್ಪದ ರೈಸ್ ಮಿಲ್ಲಿನವರ ಮಗಳು. ಹಗಲೆಲ್ಲ ಮಿಲ್ಲಿನ ವ್ಯವಹಾರ, ಬಿಡುವು ಸಿಕ್ಕರೆ ಕಾರು. ಮುಂದಿನ ತಿಂಗಳು ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ಓಡಿಸುವವಳಿದ್ದಳು. ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ ತಂದಿದ್ದ ಕಪ್ಪು ಹಲಗೆಯನ್ನು ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ಅವನ ಕೈಗಿಟ್ಟಳು. ಸ್ಪ್ಲಿಟರ್. ಮುಂದಿನ ಬಂಪರಿನ ಕೆಳಗೆ ನಾಲಿಗೆಯಂತೆ ಚಾಚಿಕೊಂಡು, ವೇಗ ಹೆಚ್ಚಾದಾಗ ಕಾರಿನ ಮೂಗು ಮೇಲೇಳದಂತೆ ನೆಲಕ್ಕೆ ಒತ್ತಿ ಹಿಡಿಯುವ ಸಾಮಾನು.

"ಕೂಡಸ್ತೀರಲ್ಲ?"

"ಕೂಡಸ್ತೀನ್ರಿ. ಆದ್ರ ಇದು ಹುಡುಗಾಟದ್ದಲ್ಲ. ಗಾಳಿ ಒತ್ತಡ ಎಲ್ಲಾ ಇದರ ಮ್ಯಾಲೆ ಬೀಳತೈತಿ. ಒಂದು ಬೋಲ್ಟು ಸಡಿಲಾದ್ರೂ ಹಲಿಗಿ ಬಾಗಿ ಟೈರಿನ ಕೆಳಗ ಹೊಕ್ಕತೈತಿ. ಆಮ್ಯಾಲೆ ಸ್ಟೇರಿಂಗು ನಿಮ್ಮ ಕೈಯಾಗ ಇರೂದಿಲ್ಲ."

"ಹೆದರಸ್ತೀರೇನು?"

"ಇಲ್ರಿ. ನಾನ ಹೆದರೀನಿ."

ಅದು ನಿಜವೇ ಆಗಿತ್ತು. ಊರಿನ ಶೋಕಿಲಾಲರ ಗಾಡಿಗಳಿಗೆಲ್ಲ ರೆಕ್ಕೆಪುಕ್ಕ ಕಟ್ಟಿಕೊಡುವ ಹುಲಿಗೇಶನಿಗೆ ವೇಗವೆಂದರೆ ಎದೆ ಡವಡವ. ಅವನು ಬೈಕ್ ಓಡಿಸಿದರೆ ಸೈಕಲ್ಲಿನವರೂ ಗಂಟೆ ಬಾರಿಸಿ ದಾರಿ ಕೇಳುತ್ತಿದ್ದರು. ಪೂಜಿತಾ ನಕ್ಕಳು. ಆ ನಗು ಅವನ ಎದೆಯಲ್ಲಿ ಅಲ್ಲೇ ಬಿಡಾರ ಹೂಡಿತು.

ಮರುದಿನ ಸಂಜೆ ಕೆಲಸ ಮುಗಿಯುವ ಹಂತಕ್ಕೆ ಬಂದಿತ್ತು. ಸ್ಪ್ಲಿಟರನ್ನು ಬಂಪರಿಗೆ ಎಳೆದು ಹಿಡಿಯುವ ಕಂಬಿಗಳು ಎರಡು, ಎಡಕ್ಕೊಂದು, ಬಲಕ್ಕೊಂದು. ಪ್ರತಿ ಕಂಬಿಗೆ ಮೇಲೊಂದು, ಕೆಳಗೊಂದು ಬೋಲ್ಟು. ಬಿಗಿ ಮಾಡಿದ ಬೋಲ್ಟಿನ ಮೇಲೆಲ್ಲ ಕೆಂಪು ಗುರುತು ಹಾಕುವುದು ಹುಲಿಗೇಶನ ಪದ್ಧತಿ. ಕೆಂಪಿದ್ದರೆ ಬಿಗಿಯಾಗಿದೆ, ಕೆಂಪಿಲ್ಲದಿದ್ದರೆ ಬಾಕಿ ಇದೆ. ಅಂದು ನೋಡಿದರೆ ಅವನ ಬಣ್ಣದ ಪೆನ್ನು ಒಣಗಿ ಹೋಗಿತ್ತು.

"ಇದು ನಡೀತೈತೇನು?" ಪೂಜಿತಾ ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದಳು. ಅಚ್ಚ ಕುಂಕುಮದ ಬಣ್ಣ.

ಒಂದು ಬೋಲ್ಟು, ಒಂದು ಗುರುತು. ಮೂರಾದವು. ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದ ಅವನ ತಾಯಿ ಸುವರ್ಣಮ್ಮ ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದಳು. ನಾಲ್ಕನೆಯದಕ್ಕೆ ಸ್ಪ್ಯಾನರ್ ಹಾಕುವಷ್ಟರಲ್ಲಿ, ಟಾರ್ಚು ಹಿಡಿದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ ಪೂಜಿತಾ ಮೆಲ್ಲಗೆ ಕೇಳಿದಳು.

"ನೀವು ಬರೇ ಬೋಲ್ಟು ನೋಡ್ಕೋಂತ ಮಾತಾಡ್ತೀರಿ. ನನ್ನ ಮುಖ ಚಲೋ ಇಲ್ಲೇನು?"

ಹುಲಿಗೇಶ್ ತಲೆ ಎತ್ತಿದ. ಟಾರ್ಚಿನ ಬೆಳಕು ಅವಳ ಗಲ್ಲಕ್ಕೆ ತಾಗಿತ್ತು. ತುಟಿಯ ಮೂಲೆಯಲ್ಲಿ ನಗು ಇತ್ತು, ಕಣ್ಣಲ್ಲಿ ಮಾತ್ರ ನಗು ಇರಲಿಲ್ಲ. ಅವಳು ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದಳು. ಅವನ ಕೈಯ ಸ್ಪ್ಯಾನರ್ ನೆಲಕ್ಕಿಳಿಯಿತು. ಅಷ್ಟರಲ್ಲಿ ಅವಳ ಅಪ್ಪನ ಫೋನ್ ಬಂತು, ಅವಳು ಎದ್ದಳು, ಅವನು ಆಟೋ ಸ್ಟ್ಯಾಂಡಿನವರೆಗೂ ಜೊತೆಗೆ ಹೋದ. ವಾಪಸ್ ಬಂದವನು ಏನನ್ನೋ ಮರೆತಿದ್ದೇನೆ ಎಂಬ ನೆನಪೂ ಇಲ್ಲದೆ ಶಟರ್ ಎಳೆದ.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ಶಾಪಿನ ಗಾಡಿಗಳಿಗೆಲ್ಲ ಸುವರ್ಣಮ್ಮನ ಪೂಜೆ ಆಗಲೇಬೇಕು. ಹುಲಿಗೇಶ್ ಸ್ನಾನ ಮಾಡಿ ಬರುವುದರೊಳಗೆ ಕುಂಬಳಕಾಯಿ ಒಡೆದಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಕೂತಿತ್ತು. ಅವನು ಕಾರಿನ ಮುಂದೆ ಬಗ್ಗಿ ಒಮ್ಮೆ ಕಣ್ಣಾಡಿಸಿದ. ನಾಲ್ಕೂ ಕೆಂಪು. ಸರಿ.

"ಸೀದಾ ಮನಿಗೇನ್ರಿ?" ಕಾರು ಒಯ್ಯಲು ಬಂದ ಪೂಜಿತಾಳಿಗೆ ಕೀ ಕೊಡುತ್ತಾ ಕೇಳಿದ.

"ಕುರುಗೋಡಿನಾಗ ನಮ್ಮಜ್ಜಿಗಿ ಔಷಧ ಕೊಟ್ಟು, ಆಮ್ಯಾಲೆ. ಸಿರಿಗೇರಿ ಕ್ರಾಸ್ ದಾಟಿದ ಮ್ಯಾಲೆ ರೋಡು ನೀಟ ಐತಲ್ಲ, ಅಲ್ಲಿ ಒಂದ್ಸಲ ಪೂರ್ತಿ ಬಿಟ್ಟು ನೋಡ್ತೀನಿ."

"ಓಡಸಬೇಕಾದ್ರ ಫೋನು ಎತ್ತಬ್ಯಾಡ್ರಿ."

"ನೀವು ಮಾಡಿದ್ರೂ ಎತ್ತೂದಿಲ್ಲ, ಹೋಗ್ರಿ" ಎಂದು ಕಣ್ಣು ಮಿಟುಕಿಸಿ ಹೊರಟಳು.

ಸುವರ್ಣಮ್ಮ ಚಹಾ ತಂದಳು. ಮಗನ ಸಪ್ಪೆ ಮುಖ ನೋಡಿ, ಸಮಾಧಾನ ಮಾಡುವವಳಂತೆ ಅಂದಳು.

"ಚಲೋ ಹುಡುಗಿ ಬಿಡು. ನಿನ್ನೆ ಆಕಿ ಗಾಡಿಗಿ ನೀನು ಮೂರು ಕಡಿ ಕುಂಕುಮ ಹಚ್ಚಿದ್ದಿ, ಒಂದು ಬಿಟ್ಟಿದ್ದಿ ನೋಡು. ಬಿಡಬಾರದಪ್ಪ. ಅದಕ್ಕೂ ನಾನ ಹಚ್ಚೀನಿ."

ಚಹಾದ ಲೋಟ ಕೈಯಿಂದ ಜಾರಿತು.

ಫೋನ್ ಹಚ್ಚಿದ. ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಎತ್ತಬೇಡವೆಂದು ಹೇಳಿದವನೂ ತಾನೇ. ಸ್ಪ್ಯಾನರನ್ನು ಕಿಸೆಗೆ ತುರುಕಿ ಬೈಕ್ ಹತ್ತಿದ. ಜೀವನದಲ್ಲಿ ಎಂದೂ ತಿರುವಿರದಷ್ಟು ಆಕ್ಸಿಲರೇಟರ್ ತಿರುವಿದ. ಕಣ್ಣಲ್ಲಿ ನೀರು ಬರುತ್ತಿತ್ತು. ಗಾಳಿಗೋ ಭಯಕ್ಕೋ ಅವನಿಗೇ ತಿಳಿಯಲಿಲ್ಲ.

ಕೋಳೂರಿನ ಹತ್ತಿರ ರಸ್ತೆ ಬದಿಯಲ್ಲಿ ಜನ ಗುಂಪುಗೂಡಿದ್ದರು. ನಡುವೆ ಏನೋ ನೀಲಿ. ಹುಲಿಗೇಶ್ ಬ್ರೇಕ್ ಒತ್ತಿದ. ಹತ್ತಿರ ಹೋಗಿ ನೋಡಿದರೆ ಕಬ್ಬಿನ ಹಾಲಿನ ಗಾಡಿಗೆ ನೆರಳಿಗೆಂದು ಕಟ್ಟಿದ ತಾಡಪತ್ರಿ. ದೇವರೇ ಎಂದುಕೊಂಡ, ಮತ್ತೆ ತಿರುವಿದ.

ಕುರುಗೋಡಿನಲ್ಲಿ ಅಜ್ಜಿ ಚನ್ನವೀರಮ್ಮ ಕಟ್ಟೆಯ ಮೇಲೆ ಕೂತಿದ್ದಳು.

"ಪೂಜಿತಾನ? ಈಗ ಹ್ವಾದ್ಲಪ್ಪ. ನೀನ್ಯಾರು? ಯಾಕಷ್ಟು ಬೆವರೀದಿ?"

ಅವನು ಆಗಲೇ ಬೈಕ್ ಹೊರಡಿಸಿದ್ದ. ಸ್ಪ್ಲಿಟರ್ ಇರುವುದರಿಂದ ಅವಳ ಕಾರಿನ ಮೂತಿ ನೆಲಕ್ಕೆ ತಗ್ಗು. ಹಂಪ್ ಬಂದಲ್ಲೆಲ್ಲ ಓರೆಯಾಗಿ, ತೆವಳಿಕೊಂಡು ದಾಟಬೇಕು. ಅವನಿಗಿದ್ದ ಭರವಸೆ ಅದೊಂದೇ. ಇಷ್ಟು ದಿನ ಬೈಯುತ್ತಿದ್ದ ಹಂಪುಗಳಿಗೆಲ್ಲ ಇಂದು ಮನಸ್ಸಿನಲ್ಲೇ ಕೈ ಮುಗಿದ. ಆದರೆ ಸಿರಿಗೇರಿ ಕ್ರಾಸ್ ದಾಟಿದರೆ ಹಂಪಿಲ್ಲ.

ಕ್ರಾಸಿಗೆ ಸ್ವಲ್ಪ ಮೊದಲು ನೀಲಿ ಕಾರು ನಿಂತಿತ್ತು. ಅಲ್ಲಿ ರಸ್ತೆಯ ತುಂಬ ಭತ್ತ ಒಣಹಾಕಿದ್ದರು. ಬೇರೆ ಗಾಡಿಗಳು ಭತ್ತದ ಮೇಲೆಯೇ ಹಾಯ್ದು ಹೋಗುತ್ತಿದ್ದವು. ಪೂಜಿತಾ ಮಾತ್ರ ಇಳಿದು, ಭತ್ತ ಕಾಯುತ್ತಿದ್ದ ಮುದುಕಿಯ ಜೊತೆ ತಾನೂ ಪಾವಡಿ ಹಿಡಿದು ಕಾಳನ್ನು ಬದಿಗೆ ಎಳೆಯುತ್ತಿದ್ದಳು. ಇಲ್ಲದಿದ್ದರೆ ಸ್ಪ್ಲಿಟರ್ ಅಷ್ಟನ್ನೂ ಬಾಚಿಕೊಂಡು ಹೋಗುತ್ತಿತ್ತು.

"ಏನ್ರಿ ಇದು? ನೀವು, ಬೈಕು, ಅದೂ ಇಷ್ಟು ಜೋರು?"

ಹುಲಿಗೇಶ್ ಕಾದ ಡಾಂಬರಿನ ಮೇಲೆ ಮಲಗಿ ಎಡಗಡೆಯ ಕೆಳಗಿನ ಬೋಲ್ಟಿಗೆ ಬೆರಳು ಹಚ್ಚಿದ. ಬೋಲ್ಟು ಬರೀ ಬೆರಳಿಗೇ ತಿರುಗಿತು. ಬೆರಳ ತುದಿಗೆ ಕುಂಕುಮ ಅಂಟಿಕೊಂಡಿತು.

"ಇದು ನಿಮ್ಮ ಬಣ್ಣ ಅಲ್ರಿ. ಅಮಾಸಿ ಪೂಜಿಗಿ ನಮ್ಮವ್ವ ಹಚ್ಚಿದ ಕುಂಕುಮ. ಬೋಲ್ಟು ನಾನು ಬಿಗಿ ಮಾಡಿಲ್ಲ."

ಪೂಜಿತಾಳ ಮುಖದ ಬಣ್ಣ ಇಳಿಯಿತು. ಮುಂದೆ ಬಿಸಿಲಲ್ಲಿ ನೀಟಾಗಿ ಮಲಗಿದ್ದ ರಸ್ತೆಯನ್ನು ನೋಡಿದಳು, ಬೋಲ್ಟನ್ನು ನೋಡಿದಳು.

"ಯಾಕ ಮಾಡಲಿಲ್ಲ?"

ಕರೆಂಟು ಹೋಗಿತ್ತು ಅನ್ನಬಹುದಿತ್ತು. ಅವ್ವ ಕರೆದಳು ಅನ್ನಬಹುದಿತ್ತು. ಅವನಿಗೆ ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ.

"ಮುಖ ನೋಡು ಅಂದ್ರಿ. ನೋಡಿದ್ನಿ. ಆಮ್ಯಾಲೆ ನನಗ ಏನೂ ನೆನಪಾಗಲಿಲ್ಲ. ದಿನಾ ನೋಡಬೇಕು ಅಂತ ಅನ್ನಿಸಿಬಿಟ್ಟೈತ್ರಿ, ಜೀವನ ಪೂರ್ತಿ." ಅವನು ಕಿಸೆಯಿಂದ ಸ್ಪ್ಯಾನರ್ ತೆಗೆದ. "ಆದ್ರ ನನ್ನಿಂದ ನಿಮ್ಮ ಜೀವ ಹೋಗ್ತಿತ್ತು. ಇದೊಂದು ಬಿಗಿ ಮಾಡಿ ಹೋಗಿಬಿಡ್ತೀನಿ. ಇನ್ನ ನಮ್ಮ ಶಾಪಿಗಿ ಬರಬ್ಯಾಡ್ರಿ."

ಸ್ಪ್ಯಾನರನ್ನು ಬೋಲ್ಟಿಗೆ ಹಚ್ಚಿದ. ಪೂಜಿತಾ ಅವನ ಪಕ್ಕದಲ್ಲೇ ಕೂತು, ಅದನ್ನು ಕಸಿದುಕೊಂಡು ತಾನೇ ಬಿಗಿ ಮಾಡಿದಳು. ಅವನು "ಸಾಕ್ರಿ" ಅನ್ನುವವರೆಗೂ ಬಿಡಲಿಲ್ಲ. ಅವನು ಕಿಸೆಯಿಂದ ನೇಲ್ ಪಾಲಿಶ್ ತೆಗೆದುಕೊಟ್ಟ.

"ಇನ್ನೂ ಕಿಸೇದಾಗ ಇಟ್ಕಂಡು ಅಡ್ಡಾಡ್ತಿ?" ಎಂದಳು. ಅವಳ ಮಾತು ಏಕವಚನಕ್ಕೆ ಇಳಿದದ್ದು ಅವನ ಗಮನಕ್ಕೆ ಬರಲೇ ಇಲ್ಲ. ಗುರುತು ಹಾಕಿ ಎದ್ದಳು. "ಬಿಗಿ ಆತಲ್ಲ? ನಂಬಿಕಿ ಐತಲ್ಲ?"

"ಐತ್ರಿ."

"ಹಂಗಾದ್ರ ಒಳಗ ಕುಂದ್ರು."

ಬೈಕನ್ನು ಮುದುಕಿಯ ಸುಪರ್ದಿಗೆ ಬಿಟ್ಟು ಅವನು ಕೂತ. ಬೆಲ್ಟು ಹಾಕಿ, ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮನೆದೇವರನ್ನೆಲ್ಲ ಕರೆದ. ಕ್ರಾಸ್ ದಾಟಿತು. ಈಗ ಗುಡುಗುತ್ತದೆ ಎಂದು ಇಂಜಿನ್ನಿನ ಸದ್ದಿಗಾಗಿ ಕಾದ.

ಗುಡುಗಲಿಲ್ಲ. ಯಾರದೋ ಹಾರ್ನ್ ಕೇಳಿ ಕಣ್ಣು ಬಿಟ್ಟರೆ, ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರೊಂದು ಅವರನ್ನು ಹಿಂದೆ ಹಾಕಿ ಹೋಗುತ್ತಿತ್ತು.

ಅವನು ಡ್ಯಾಶ್‌ಬೋರ್ಡಿನ ಕಡೆ ಬಗ್ಗಿದ. "ಯಾಕ್ರಿ, ಗಾಡಿ ಏನಾರ ಆತೇನು?"

"ಗಾಡಿಗೇನಾಗೈತಿ? ಚಲೋ ಐತಿ."

"ಮತ್ತ, ಬಿಟ್ಟು ನೋಡ್ತೀನಿ ಅಂದಿದ್ರಿ?"

ಪೂಜಿತಾ ರಸ್ತೆಯಿಂದ ಕಣ್ಣು ತೆಗೆಯದೆ, ಗೇರಿನ ಮೇಲಿದ್ದ ಕೈ ಚಾಚಿ, ಕುಂಕುಮ ಹತ್ತಿದ ಅವನ ಬೆರಳನ್ನು ಹಿಡಿದುಕೊಂಡಳು.

"ಜೋರು ಹೋದ್ರ ಸಿರುಗುಪ್ಪ ಲಗೂನ ಬಂದುಬಿಡ್ತೈತಿ" ಎಂದಳು.